ಕೊಡಲಾಗದ್ದನ್ನು ಕೇಳಿದಾಗ



ಜೆಬೆದಾಯನ ಮಕ್ಕಳಾದ ಯಕೋಬ ಮತ್ತು ಯೊವಾನ್ನ ಒಂದು ದಿನ ಪ್ರಭು ಯೇಸುವಿನ ಬಳಿಗೆ ಬಂದರು. ಏನು ಬೇಕೆಂದು ಅವರು ಮೊದಲು ಹೇಳಲಿಲ್ಲ. ತಾವು ಏನು ಕೇಳಿದರೂ ನಡೆಸಿಕೊಡಬೇಕು ಎಂಬ ಷರತ್ತನ್ನೇ ಮೊದಲು ಮುಂದಿಟ್ಟರು. ಅನಂತರ ಕೇಳಿದ್ದು ಪ್ರಭುವಿನ ಮಹಿಮೆಯಲ್ಲಿ ಒಬ್ಬನಿಗೆ ಬಲಗಡೆಯ ಆಸನ, ಇನ್ನೊಬ್ಬನಿಗೆ ಎಡಗಡೆಯ ಆಸನ (ಮಾರ್ಕ 10:35-45). ಅದೇ ದಾರಿಯಲ್ಲಿ, ಸ್ವಲ್ಪ ಮುಂಚೆಯಷ್ಟೇ, ಪ್ರಭು ತಮಗೆ ಬರಲಿರುವ ಯಾತನೆ ಮತ್ತು ಮರಣವನ್ನು ಮೂರನೆಯ ಬಾರಿ ತಿಳಿಸಿದ್ದರು. ಕೇಳಲು ಬಂದವರಿಗೆ ಅದರ ಪರಿವೆಯೇ ಇರಲಿಲ್ಲ.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಅಧಿಕಾರದಾಸೆಯ ಕುರಿತ ಪಾಠವಾಗಿ ಓದುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಕೊಡಲಾಗದ್ದನ್ನು ಹಟಹಿಡಿದು ಕೇಳುವವರಿಗೆ ಹೇಗೆ ಉತ್ತರಿಸಬೇಕು ಎಂಬ ಪಾಠ ಅದು. ಈ ಪ್ರಶ್ನೆ ಇಂದು ನಮ್ಮ ಮನೆಗಳಿಗೆ ಬಹಳ ಹತ್ತಿರದ ಪ್ರಶ್ನೆ. ರಾಮನಗರ, ಚನ್ನಪಟ್ಟಣಗಳಿಂದ ಬೆಳಗಿನ ರೈಲು ಹಿಡಿದು, ಕನಕಪುರ, ಮಾಗಡಿಗಳಿಂದ ಬಸ್ಸು ಹತ್ತಿ, ಸುಮಾರು ಐವತ್ತು ಅರವತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಯುವಕ ಯುವತಿಯರಲ್ಲಿ ಬ್ಯಾಂಕುಗಳ ಕಾಲ್ ಸೆಂಟರುಗಳಲ್ಲಿ ದುಡಿಯುವವರೂ ಇದ್ದಾರೆ. ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತರೆ ಒಂದರ ಹಿಂದೆ ಒಂದು ಕರೆ. ಕರೆ ಮಾಡುವವರಲ್ಲಿ ಹೆಚ್ಚಿನವರು ಸಂತೋಷದಿಂದ ಕರೆ ಮಾಡುವುದಿಲ್ಲ. ಹಣ ಬಂದಿಲ್ಲ, ಹಣ ಕಡಿತವಾಗಿದೆ, ಕಾರ್ಡು ನಿಂತುಹೋಗಿದೆ, ಯಾರೋ ಮೋಸ ಮಾಡಿದ್ದಾರೆ. ಹೀಗೆ ನೊಂದವರ, ಕೆರಳಿದವರ ದನಿಯೇ ದಿನವಿಡೀ ಕಿವಿಗೆ ಬೀಳುತ್ತದೆ. ಅವರಲ್ಲಿ ಕೆಲವರು ನ್ಯಾಯವಾದದ್ದನ್ನು ಕೇಳುತ್ತಾರೆ. ಇನ್ನು ಕೆಲವರು ಯಾರಿಂದಲೂ ಮಾಡಲಾಗದ್ದನ್ನು ಕೇಳುತ್ತಾರೆ. ಬಹಳಷ್ಟು ಸಲ ಒಂದೇ ಬಾಯಿಂದ ಎರಡೂ ಬರುತ್ತದೆ.

ಇಂತಹ ಕೆಲಸದಲ್ಲಿ ಕ್ರೈಸ್ತನೊಬ್ಬನು ಹೇಗೆ ನಡೆದುಕೊಳ್ಳಬೇಕು? ಇದು ಬರೀ ಉದ್ಯೋಗದ ತರಬೇತಿಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಸತ್ಯ, ತಾಳ್ಮೆ, ನೆರೆಯವನ ಮೇಲಿನ ಪ್ರೀತಿ ಈ ಮೂರೂ ಇಲ್ಲಿ ಪರೀಕ್ಷೆಗೆ ಒಳಗಾಗುತ್ತವೆ.

ಎದುರಿಗಿರುವ ಮೂರು ದಾರಿಗಳು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕನಕಪುರದ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿದ್ದಾರೆ. ಹಣ ಬ್ಯಾಂಕ್ ಖಾತೆಗೆ ಬಂದಿದೆ. ಮನೆಯಾಕೆ ಆಸ್ಪತ್ರೆಯಲ್ಲಿ. ರಾತ್ರಿ ಎಂಟು ಗಂಟೆಗೆ ಎ.ಟಿ.ಎಂ.ಗೆ ಹೋಗಿ ಹತ್ತು ಸಾವಿರ ರೂಪಾಯಿ ತೆಗೆಯಲು ನೋಡುತ್ತಾರೆ. ಯಂತ್ರ ಗುರುಗುಟ್ಟಿ ಸುಮ್ಮನಾಗುತ್ತದೆ. ನೋಟು ಹೊರಗೆ ಬರುವುದಿಲ್ಲ, ಖಾತೆಯಿಂದ ಮಾತ್ರ ಹಣ ಕಡಿತವಾಗಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಅವರು ಬ್ಯಾಂಕಿನ ನಂಬರಿಗೆ ಫೋನು ಮಾಡುತ್ತಾರೆ. ಒಂದು ಒತ್ತಿ, ಎರಡು ಒತ್ತಿ ಎಂಬ ಯಂತ್ರದ ದನಿಯನ್ನು ದಾಟಿ, ಸಂಗೀತ ಕೇಳುತ್ತಾ ಕಾದು, ಕೊನೆಗೆ ಒಬ್ಬ ಯುವತಿಯ ದನಿ ಕೇಳುವ ಹೊತ್ತಿಗೆ ಅವರ ತಾಳ್ಮೆ ಮುಗಿದಿರುತ್ತದೆ.

"ಈಗ್ಲೇ ನನ್ನ ದುಡ್ಡು ವಾಪಸ್ ಹಾಕಿ. ಇವತ್ತು ರಾತ್ರಿಯೇ ಬರ್ಬೇಕು. ಇಲ್ಲಾಂದ್ರೆ ನಿಮ್ಮ ಮ್ಯಾನೇಜರ್‌ನ ಕರೀರಿ. ನೀವೆಲ್ಲ ಕಳ್ಳರು."

ಆ ಹುಡುಗಿಯ ಎದುರಿನ ಪರದೆಯಲ್ಲಿ ಖಾತೆಯ ವಿವರ ಕಾಣುತ್ತದೆ. ಆದರೆ ಹಣವನ್ನು ಮರಳಿ ಹಾಕುವ ಅಧಿಕಾರ ಅವಳಿಗಿಲ್ಲ. ಯಂತ್ರದ ಲೆಕ್ಕವನ್ನೂ ಅದರೊಳಗೆ ಉಳಿದ ನೋಟುಗಳ ಎಣಿಕೆಯನ್ನೂ ಬೇರೆ ವಿಭಾಗದವರು ತಾಳೆ ನೋಡಬೇಕು. ಅವಳು ಮಾಡಬಹುದಾದದ್ದು ದೂರು ದಾಖಲಿಸುವುದು. ಅವಳ ಮಾತು ರೆಕಾರ್ಡ್ ಆಗುತ್ತಿದೆ. ಒಂದು ಕರೆಗೆ ಎಷ್ಟು ನಿಮಿಷ ಹಿಡಿಯಿತು ಎಂಬ ಲೆಕ್ಕವೂ ನಡೆಯುತ್ತಿದೆ. ಇನ್ನೊಂದು ಕರೆ ಸಾಲಿನಲ್ಲಿ ಕಾಯುತ್ತಿದೆ.

ಅವಳ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಬಯ್ಗುಳಕ್ಕೆ ಬಯ್ಗುಳ. ನೇರವಾಗಿ ಬಯ್ದರೆ ಕೆಲಸ ಹೋಗುತ್ತದೆ. ಆದುದರಿಂದ ಅದು ಬೇರೆ ವೇಷದಲ್ಲಿ ಬರುತ್ತದೆ: ದನಿ ತಣ್ಣಗಾಗುತ್ತದೆ, ಬಾಯಿಪಾಠ ಮಾಡಿದ ವಾಕ್ಯಗಳು ಬರುತ್ತವೆ, ಬೇಕೆಂದೇ ಕಾಯಿಸುವುದು ಶುರುವಾಗುತ್ತದೆ. ಎರಡನೆಯದು ಸುಲಭದ ದಾರಿ. "ಚಿಂತೆ ಮಾಡಬೇಡಿ ಸರ್, ನಾಳೆ ಬೆಳಿಗ್ಗೆ ಹಣ ಬಂದುಬಿಡುತ್ತೆ" ಎಂದುಬಿಡುವುದು. ಕರೆ ಮುಗಿಯುತ್ತದೆ, ಎದುರಿನವರು ಸಮಾಧಾನವಾಗುತ್ತಾರೆ, ಧನ್ಯವಾದವನ್ನೂ ಹೇಳುತ್ತಾರೆ.

ಈ ಎರಡನೆಯ ದಾರಿಯೇ ಹೆಚ್ಚು ಅಪಾಯದ ದಾರಿ. ಏಕೆಂದರೆ ಅದು ಒಳ್ಳೆಯತನದಂತೆ ಕಾಣುತ್ತದೆ. ಸಂತ ತೋಮಾಸ್ ಅಕ್ವಿನಾಸರು ಸುಳ್ಳನ್ನು ಕುರಿತು ಬರೆಯುವಾಗ ಕೇಡು ಮಾಡಲು ಹೇಳುವ ಸುಳ್ಳು, ತಮಾಷೆಗೆ ಹೇಳುವ ಸುಳ್ಳು, ಒಬ್ಬರಿಗೆ ಉಪಕಾರವಾಗಲೆಂದು ಹೇಳುವ ಸುಳ್ಳು ಎಂದು ಮೂರು ವಿಧವಾಗಿ ವಿಂಗಡಿಸುತ್ತಾರೆ. ಉಪಕಾರದ ಸುಳ್ಳಿನ ದೋಷ ಕಡಿಮೆ ಎಂದು ಒಪ್ಪುತ್ತಾರೆ. ಆದರೂ ಅದು ದೋಷವೇ ಎನ್ನುತ್ತಾರೆ. ಏಕೆ ಎಂಬುದನ್ನು ಆ ರೈತರ ಮುಂದಿನ ಹೆಜ್ಜೆಯಲ್ಲೇ ನೋಡಬಹುದು. "ನಾಳೆ ಬೆಳಿಗ್ಗೆ" ಎಂಬ ಮಾತನ್ನು ನಂಬಿ ಅವರು ಆಸ್ಪತ್ರೆಯವರಿಗೂ "ನಾಳೆ ಬೆಳಿಗ್ಗೆ ಕಟ್ಟುತ್ತೇನೆ" ಎನ್ನುತ್ತಾರೆ. ನೆಂಟರ ಬಳಿ ಕೈಸಾಲ ಕೇಳಬೇಕೆಂದಿದ್ದವರು ಕೇಳದೆ ಸುಮ್ಮನಾಗುತ್ತಾರೆ. ಬೆಳಿಗ್ಗೆ ಹಣ ಬರುವುದಿಲ್ಲ. ಈಗ ಅವರು ಹಣದ ಜೊತೆ ಮಾತನ್ನೂ ಕಳೆದುಕೊಂಡಿದ್ದಾರೆ. ಮತ್ತೆ ಫೋನು ಮಾಡಿದಾಗ ಅವರ ಸಿಟ್ಟು ಬೇರೊಬ್ಬ ಹುಡುಗನ ತಲೆಯ ಮೇಲೆ ಬೀಳುತ್ತದೆ. ಒಬ್ಬರು ಹೇಳಿದ ಸುಳ್ಳಿನ ಸಾಲವನ್ನು ಇನ್ನೊಬ್ಬರು ತೀರಿಸಬೇಕಾಗುತ್ತದೆ.

ಪ್ರಭು ತೋರಿದ ಮೂರನೆಯ ದಾರಿ

ಈಗ ಜೆಬೆದಾಯನ ಮಕ್ಕಳ ಕಡೆಗೆ ಮತ್ತೆ ತಿರುಗೋಣ. ಪ್ರಭು ಮಾಡಿದ್ದನ್ನು ಗಮನಿಸಿರಿ. ಅವರು ಸಿಡುಕಲಿಲ್ಲ. "ನಾನು ಸಾವಿನ ಮಾತಾಡುತ್ತಿದ್ದರೆ ನೀವು ಕುರ್ಚಿಯ ಮಾತಾಡುತ್ತೀರಾ" ಎಂದು ಹಂಗಿಸಬಹುದಿತ್ತು, ಹಂಗಿಸಲಿಲ್ಲ. ಮೊದಲು ಅವರಿಗೆ ಏನಾಗಬೇಕೆಂದು ಕೇಳಿದರು. ಬೇಡಿಕೆಯನ್ನು ಪೂರ್ತಿಯಾಗಿ ಹೇಳಲು ಬಿಟ್ಟರು. ಅವರು ಏನನ್ನು ಕೇಳುತ್ತಿದ್ದಾರೋ ಅದು ಅವರಿಗೇ ತಿಳಿದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅನಂತರ ತಮ್ಮಿಂದ ಸಿಗುವುದು ಯಾವುದು, ಸಿಗದಿರುವುದು ಯಾವುದು ಎಂದು ಬೇರ್ಪಡಿಸಿದರು. ತಾವು ಕುಡಿಯಲಿರುವ ಪಾತ್ರೆಯಲ್ಲಿ ಅವರಿಗೆ ಪಾಲುಂಟು. ಎಡಬಲದ ಆಸನಗಳನ್ನು ಕೊಡುವುದು ಮಾತ್ರ ತಮಗೆ ಸೇರಿದ್ದಲ್ಲ.

ಸಕಲ ಅಧಿಕಾರವುಳ್ಳ ದೇವಪುತ್ರನೇ "ಇದು ನಾನು ಕೊಡತಕ್ಕದ್ದಲ್ಲ" ಎನ್ನಲು ನಾಚಲಿಲ್ಲ. ಹಾಗಿರುವಾಗ ತಿಂಗಳ ಸಂಬಳಕ್ಕೆ ದುಡಿಯುವ ನಮ್ಮ ಮಕ್ಕಳು ಆ ಮಾತನ್ನು ಹೇಳಲು ಏಕೆ ಅಂಜಬೇಕು? ಅವರು "ಇಲ್ಲ" ಎಂದು ಹೇಳಿದ ಮೇಲೆ ಆ ಇಬ್ಬರನ್ನು ಬಿಟ್ಟುಕಳುಹಿಸಲೂ ಇಲ್ಲ. ಉಳಿದ ಹತ್ತು ಮಂದಿ ಸಿಟ್ಟಾದಾಗ ಎಲ್ಲರನ್ನೂ ಹತ್ತಿರ ಕರೆದು, ದೊಡ್ಡವನಾಗಬೇಕೆಂದಿರುವವನು ಸೇವಕನಾಗಬೇಕು ಎಂಬ ಪಾಠವನ್ನು ಹೇಳಿದರು. ಬೇಡಿಕೆ ಈಡೇರಲಿಲ್ಲ, ಸಂಬಂಧ ಮಾತ್ರ ಕಡಿಯಲಿಲ್ಲ.

ಆ ರಾತ್ರಿಯ ಕರೆಗೆ ಇದನ್ನು ಅನ್ವಯಿಸಿ ನೋಡೋಣ. ಯುವತಿ ಹೀಗೆ ಹೇಳಬಹುದು: "ಸರ್, ಯಜಮಾನ್ತಿಯವರು ಆಸ್ಪತ್ರೆಯಲ್ಲಿದ್ದಾರೆ, ಅಂಥ ಹೊತ್ತಿನಲ್ಲಿ ಹಣ ಸಿಕ್ಕಿಹಾಕಿಕೊಂಡಿದೆ. ಎಂಟು ಗಂಟೆ ಎರಡು ನಿಮಿಷಕ್ಕೆ ಕಡಿತವಾಗಿರುವುದು ನನಗೂ ಕಾಣುತ್ತಿದೆ. ಇವತ್ತು ರಾತ್ರಿಯೇ ಹಾಕುವುದು ನನ್ನ ಕೈಯಲ್ಲಿಲ್ಲ, ಸುಳ್ಳು ಹೇಳುವುದಿಲ್ಲ. ಈಗಲೇ ದೂರು ಬರೆದುಕೊಳ್ಳುತ್ತೇನೆ, ನಂಬರು ಕೊಡುತ್ತೇನೆ. ಐದು ದಿನದೊಳಗೆ ಬರಬೇಕು. ಆಸ್ಪತ್ರೆಗೆ ಇವತ್ತಿಗೆ ಬೇರೆ ಏರ್ಪಾಡು ಮಾಡಿಕೊಳ್ಳಿ."

ಈ ಮಾತು ಕೇಳಿ ಆ ರೈತರು ಸಂತೋಷಪಡುತ್ತಾರೆಂದು ಹೇಳಲಾಗದು. ಇನ್ನೊಂದು ಸಲ ಬಯ್ಯಲೂಬಹುದು. ಆದರೆ ಅವರಿಗೆ ನಿಲ್ಲಲು ಗಟ್ಟಿಯಾದ ನೆಲ ಸಿಕ್ಕಿದೆ. ಇದೇ ನಿಜವಾದ ಉಪಕಾರ.

"ಗ್ರಾಹಕನೇ ದೇವರು" ಎಂಬ ಫಲಕವನ್ನು ಅಂಗಡಿಗಳಲ್ಲೂ ಕಚೇರಿಗಳಲ್ಲೂ ನೋಡಿರುತ್ತೀರಿ. ಮಾತಿನ ಹಿಂದಿನ ಸದುದ್ದೇಶ ಒಳ್ಳೆಯದೇ. ಆದರೆ ನಮ್ಮ ವಿಶ್ವಾಸದ ಪ್ರಕಾರ ಗ್ರಾಹಕನು ದೇವರಲ್ಲ, ನೆರೆಯವನು. ಗ್ರಾಹಕನನ್ನು ದೇವರೆಂದು ಕೂರಿಸಿದರೆ ಅವನನ್ನು ಹೇಗಾದರೂ ಓಲೈಸುವ ಆಸೆ ಹುಟ್ಟುತ್ತದೆ. ನೆರೆಯವನೆಂದು ತಿಳಿದರೆ ಅವನಿಗೆ ಸತ್ಯವನ್ನು ಹೇಳುವ ಋಣ ನಮ್ಮ ಮೇಲಿರುತ್ತದೆ.

ಕಾಳು ಯಾವುದು, ಹೊಟ್ಟು ಯಾವುದು?

ನಮ್ಮದು ರಾಗಿಯ ಸೀಮೆ. ಕಣದಲ್ಲಿ ರಾಗಿ ತೂರುವುದನ್ನು ನೋಡದವರು ಕಡಿಮೆ. ಹೊಟ್ಟು ಹೆಚ್ಚಾಗಿದೆಯೆಂದು ಯಾವ ರೈತನೂ ರಾಶಿಯನ್ನೇ ಬಿಸಾಡುವುದಿಲ್ಲ. ಕೆರಳಿದ ಗ್ರಾಹಕನ ಮಾತೂ ಹಾಗೆಯೇ. ಕೂಗಾಟ, ಬೆದರಿಕೆ, "ಈಗಲೇ" ಎಂಬ ಹಟ ಇವೆಲ್ಲ ಹೊಟ್ಟು. ಅದರೊಳಗೆ ಒಂದು ನೋವು, ಬಹಳಷ್ಟು ಸಲ ಒಂದು ಹಕ್ಕು ಕೂಡ ಕಾಳಿನಂತೆ ಅಡಗಿರುತ್ತದೆ. ಎರಡನ್ನೂ ಬೇರ್ಪಡಿಸುವುದು ಕೇಳಿಸಿಕೊಳ್ಳುವವರ ಧರ್ಮ.

ಇದಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು, ತಿಳಿವಳಿಕೆಯೂ ಬೇಕು. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಎ.ಟಿ.ಎಂ.ನಿಂದ ನೋಟು ಬರದೆ ಖಾತೆಯಿಂದ ಹಣ ಕಡಿತವಾದರೆ ಬ್ಯಾಂಕು ಐದು ದಿನಗಳೊಳಗೆ ತಾನಾಗಿಯೇ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಿಸಿ ಕೊಡಬೇಕು. ಅಂದಮೇಲೆ "ಇವತ್ತು ರಾತ್ರಿಯೇ" ಎಂಬುದು ಅತಿಯಾದ ಬೇಡಿಕೆ, "ನನ್ನ ಹಣ ನನಗೆ ಬರಬೇಕು" ಎಂಬುದು ಹಕ್ಕು. ಮೊದಲನೆಯದಕ್ಕೆ ಇಲ್ಲ ಎನ್ನುವವಳು ಎರಡನೆಯದನ್ನು ಗ್ರಾಹಕನು ಕೇಳದಿದ್ದರೂ ತಾನಾಗಿ ತಿಳಿಸಬೇಕು.

ಮೋಸದ ಕರೆಗಳ ವಿಷಯ ಇನ್ನೂ ಕಷ್ಟದ್ದು. ಯಾರೋ ಬ್ಯಾಂಕಿನವರಂತೆ ಮಾತಾಡಿ ಒ.ಟಿ.ಪಿ. ಪಡೆದು ಖಾತೆಯನ್ನು ಬರಿದು ಮಾಡುತ್ತಾರೆ. "ಪೂರ್ತಿ ಹಣ ಬ್ಯಾಂಕೇ ಕೊಡಬೇಕು" ಎಂದು ಕಳೆದುಕೊಂಡವರು ಗೋಳಾಡುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಇಲ್ಲಿ ಒಂದು ಗೆರೆ ಎಳೆಯಿತು. ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕನಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಾಗಲೂ ನಷ್ಟವಿಲ್ಲ. ಗುಟ್ಟಿನ ಸಂಖ್ಯೆಯನ್ನು ಗ್ರಾಹಕನೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದುದರಿಂದ ಇಂತಹ ಕರೆಯಲ್ಲಿ ಮೊದಲ ಒಂದು ನಿಮಿಷವೇ ಅಮೂಲ್ಯ. "ನೀವೇಕೆ ಹೇಳಿದಿರಿ?" ಎಂದು ಉಪದೇಶಕ್ಕೆ ತೊಡಗುವುದು ಆಗ ಕ್ರೌರ್ಯವಾಗುತ್ತದೆ. ಮೊದಲು ಖಾತೆಯನ್ನು ತಡೆಹಿಡಿಯಬೇಕು, 1930ಕ್ಕೆ ಫೋನು ಮಾಡಿ ಸೈಬರ್ ಅಪರಾಧದ ದೂರು ಕೊಡಲು ಹೇಳಬೇಕು. ಮಿಕ್ಕ ಮಾತು ಆಮೇಲೆ.

ಇನ್ನು ಕೆಲವು ಬೇಡಿಕೆಗಳು ಬೇರೆ ಬಾಗಿಲಿಗೆ ಸೇರಿದವು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಹಣ ಏಕೆ ಬಂದಿಲ್ಲ ಎಂದು ತಾಯಂದಿರು ಬ್ಯಾಂಕಿನವರನ್ನೇ ಕೇಳಿದರೆ, ಹಣ ಜಮೆಯಾಗಿದೆಯೇ ಇಲ್ಲವೇ ಎಂಬುದನ್ನಷ್ಟೇ ಬ್ಯಾಂಕು ಹೇಳಬಲ್ಲದು. ಮಂಜೂರು ಮಾಡುವುದು ಸರ್ಕಾರದ ಇಲಾಖೆ. ಆಸ್ತಿಯನ್ನು ಪಾಲು ಮಾಡಲು ತನ್ನ ಸಹೋದರನಿಗೆ ಹೇಳಬೇಕೆಂದು ಕೇಳಿದವನಿಗೆ, ತಮ್ಮನ್ನು ಅದಕ್ಕೆ ನ್ಯಾಯಾಧಿಪತಿಯಾಗಿ ಯಾರೂ ನೇಮಿಸಿಲ್ಲವೆಂದು ಪ್ರಭು ಸ್ಪಷ್ಟಪಡಿಸಲಿಲ್ಲವೇ (ಲೂಕ 12:13-15)? ಸರಿಯಾದ ಬಾಗಿಲನ್ನು ತೋರಿಸುವುದೂ ಸೇವೆಯೇ. ಗಂಡನ ಖಾತೆಯಲ್ಲಿ ಎಷ್ಟಿದೆ ಹೇಳಿ ಎಂದು ಹೆಂಡತಿ, ಮಗನ ಖಾತೆಯ ವಿವರ ಕೊಡಿ ಎಂದು ತಂದೆ ಒತ್ತಾಯಿಸುವುದುಂಟು. ಅಲ್ಲಿ ಇಲ್ಲ ಎನ್ನುವುದು ಕಲ್ಲೆದೆಯ ಮಾತಲ್ಲ, ಇನ್ನೊಬ್ಬರು ಬ್ಯಾಂಕಿನ ಮೇಲಿಟ್ಟ ನಂಬಿಕೆಯನ್ನು ಕಾಯುವ ಮಾತು.

ಹಾಗೆಯೇ ಯಾವುದು ಅತಿಯಾದ ಬೇಡಿಕೆಯಲ್ಲ ಎಂಬುದನ್ನೂ ತಿಳಿದಿರಬೇಕು. "ಕನ್ನಡದಲ್ಲಿ ಮಾತಾಡಿ" ಎನ್ನುವ ಮಾಗಡಿಯ ಅಜ್ಜಿ ಹಟಮಾರಿಯಲ್ಲ. "ನಿಧಾನವಾಗಿ ಇನ್ನೊಂದು ಸಲ ಹೇಳಪ್ಪ" ಎನ್ನುವ ನಿವೃತ್ತ ಮೇಷ್ಟರು ಪೀಡಿಸುತ್ತಿಲ್ಲ. "ನಿಮ್ಮ ಉತ್ತರ ನನಗೆ ಒಪ್ಪಿಗೆಯಿಲ್ಲ, ಮೇಲೆ ಯಾರನ್ನು ಕೇಳಬೇಕು?" ಎನ್ನುವುದೂ ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲಿ ಬ್ಯಾಂಕಿಂಗ್ ಒಂಬುಡ್ಸ್‌ಮನ್ ವ್ಯವಸ್ಥೆ 1995ರಲ್ಲಿಯೇ ಬಂತು. ಬೇರೆ ಬೇರೆಯಾಗಿದ್ದ ಇಂತಹ ವ್ಯವಸ್ಥೆಗಳನ್ನು 2021ರ ನವೆಂಬರ್‌ನಲ್ಲಿ ಒಂದುಗೂಡಿಸಲಾಯಿತು. ಮೊದಲು ಬ್ಯಾಂಕಿಗೆ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, ಶುಲ್ಕವಿಲ್ಲದೆ ಅಲ್ಲಿಗೆ ಹೋಗಬಹುದು. ಈ ದಾರಿಯನ್ನು ಮುಚ್ಚಿಡುವುದು ನ್ಯಾಯವಲ್ಲ.

ಮೆರೀಬಾದ ಬಂಡೆ

ಸತ್ಯವನ್ನು ತಿಳಿದಿದ್ದರೂ ತಾಳ್ಮೆ ಕೈಕೊಡುವ ಗಳಿಗೆ ಬರುತ್ತದೆ. ದೇವಜನರ ನಾಯಕನಾದ ಮೋಶೆಗೂ ಬಂತು. ನಲವತ್ತು ವರ್ಷಗಳ ಕಾಲ ಅವನು ಕೇಳಿದ್ದು ದೂರುಗಳನ್ನೇ. ನೀರಿಲ್ಲ, ಮಾಂಸವಿಲ್ಲ, ಈಜಿಪ್ಟೇ ಚೆನ್ನಾಗಿತ್ತು. ಮೆರೀಬಾದಲ್ಲಿ ಜನರು ನೀರಿಗಾಗಿ ಮತ್ತೆ ಅವನ ಮೇಲೆ ಬಿದ್ದರು. ಬಂಡೆಗೆ ಮಾತಿನಿಂದ ಹೇಳು ಎಂದಿತ್ತು ದೇವರ ಆಜ್ಞೆ. ಮೋಶೆ ಜನರನ್ನು ಜರೆದು, ಕೋಲಿನಿಂದ ಬಂಡೆಯನ್ನು ಎರಡು ಬಾರಿ ಹೊಡೆದನು (ಸಂಖ್ಯಾಕಾಂಡ 20:1-13). ನೀರು ಹರಿಯಿತು, ದೂರಿದವರೆಲ್ಲ ಕುಡಿದರು. ಮೋಶೆಗೆ ಮಾತ್ರ ವಾಗ್ದತ್ತ ನಾಡಿನೊಳಗೆ ಜನರನ್ನು ಕರೆದೊಯ್ಯುವ ಭಾಗ್ಯ ತಪ್ಪಿತು.

ಆ ಅಧ್ಯಾಯದ ಮೊದಲ ವಚನವನ್ನು ನಾವು ಗಮನಿಸುವುದೇ ಇಲ್ಲ. ಮೋಶೆಯ ಅಕ್ಕ ಮಿರ್ಯಾಮಳು ಅಲ್ಲಿಯೇ ತೀರಿಕೊಂಡು, ಅಲ್ಲಿಯೇ ಮಣ್ಣಾಗಿದ್ದಳು. ಅವನ ದುಃಖವನ್ನು ಕೇಳಿದವರು ಯಾರೂ ಇರಲಿಲ್ಲ, ನೀರು ಕೇಳಿದವರೇ ಎಲ್ಲರೂ. ಸೇವೆಯಲ್ಲಿರುವವರ ಸಿಟ್ಟು ಬಹಳಷ್ಟು ಸಲ ಹೇಳಿಕೊಳ್ಳಲಾಗದ ದುಃಖದಿಂದಲೇ ಹುಟ್ಟುತ್ತದೆ. ಅಕ್ವಿನಾಸರು ತಾಳ್ಮೆಯನ್ನು ವಿವರಿಸುವುದೂ ಹೀಗೆಯೇ. ದುಃಖದ ಭಾರಕ್ಕೆ ವಿವೇಕ ಮುರಿದುಬೀಳದಂತೆ ಕಾಯುವ ಸದ್ಗುಣವೇ ತಾಳ್ಮೆ. ಆದುದರಿಂದ ತಾಳ್ಮೆಯೆಂದರೆ ಹಲ್ಲುಕಚ್ಚಿ ಸಹಿಸುವುದಷ್ಟೇ ಎಂದು ತಿಳಿಯಬಾರದು. ಒಳಗಿನ ದುಃಖಕ್ಕೂ ಒಂದು ಜಾಗ ಬೇಕು. ಕಠಿಣವಾದ ಕರೆಯ ನಂತರ ಎರಡು ನಿಮಿಷ ಎದ್ದು ಹೋಗಿ ನೀರು ಕುಡಿಯುವುದು, ಒಂದು ನಮೋ ಮರಿಯ ಹೇಳಿಕೊಳ್ಳುವುದು, ಪಕ್ಕದ ಗೆಳತಿಯೊಡನೆ ಮನಸ್ಸು ಬಿಚ್ಚುವುದು ಸೋಮಾರಿತನವಲ್ಲ.

ಇದೇ ಮೋಶೆಗೆ ಅವನ ಮಾವ ಇತ್ರೋ ಹಿಂದೊಮ್ಮೆ ಒಳ್ಳೆಯ ಬುದ್ಧಿ ಹೇಳಿದ್ದನು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಎಲ್ಲರ ವ್ಯಾಜ್ಯ ಕೇಳುವುದನ್ನು ನೋಡಿ, ಹೀಗೆ ಮಾಡಿದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸಿದನು. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸಿ, ಕಠಿಣವಾದದ್ದು ಮಾತ್ರ ಮೇಲಕ್ಕೆ ಬರಲಿ ಎಂದನು (ವಿಮೋಚನಾಕಾಂಡ 18:13-27). ಕರೆಯನ್ನು ಸೂಪರ್‌ವೈಸರಿಗೆ ಒಪ್ಪಿಸುವುದು ಸೋಲಲ್ಲ, ಅದು ಇತ್ರೋನ ಬುದ್ಧಿವಾದ. ಆದರೆ ಸೂಪರ್‌ವೈಸರ್ ಆದವರು ಆ ಕರೆಯನ್ನು ನಿಜವಾಗಿ ಎತ್ತಿಕೊಳ್ಳಬೇಕು. ಸಂತ ಎರಡನೆಯ ಜಾನ್ ಪೌಲರು 1981ರ ಸೆಪ್ಟೆಂಬರ್ 14ರಂದು ಮಾನವನ ದುಡಿಮೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ, ದುಡಿಮೆಗಿಂತ ದುಡಿಯುವ ಮನುಷ್ಯನು ದೊಡ್ಡವನು ಎಂಬುದನ್ನು ಒತ್ತಿ ಹೇಳಿದರು. ಮಾತಿನ ನಿಮಿಷಗಳನ್ನು ಎಣಿಸುವವರು ಮಾತಾಡುವವರ ಮನಸ್ಸನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು.

ಹಾಗಾದರೆ ಅಶ್ಲೀಲ ಮಾತುಗಳನ್ನೂ ಸಹಿಸಬೇಕೇ? ಹೆಣ್ಣುಮಕ್ಕಳು ಕೇಳಬಾರದ ಮಾತುಗಳನ್ನು ಕೇಳಿ ಕಣ್ಣೀರಿಡುತ್ತಾರೆ. ಅದನ್ನು ಸಹಿಸುವುದು ಕ್ರೈಸ್ತ ತಾಳ್ಮೆ ಎಂದು ಯಾರೂ ಬೋಧಿಸಬಾರದು. ಮಹಾಯಾಜಕನ ಮುಂದೆ ಕಾವಲುಗಾರನೊಬ್ಬನು ಪ್ರಭುವಿನ ಕೆನ್ನೆಗೆ ಹೊಡೆದಾಗ ಅವರು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತಪ್ಪು ಮಾತಾಡಿದ್ದರೆ ಅದನ್ನು ತೋರಿಸು, ಇಲ್ಲದಿದ್ದರೆ ಏಕೆ ಹೊಡೆಯುತ್ತೀ ಎಂದು ಪ್ರಶ್ನಿಸಿದರು (ಯೊವಾನ್ನ 18:22-23). "ಸರ್, ನಿಮ್ಮ ಹಣದ ವಿಷಯ ಮಾತಾಡೋಣ. ಇಂಥ ಮಾತು ಮುಂದುವರಿದರೆ ಕರೆ ನಿಲ್ಲಿಸಬೇಕಾಗುತ್ತದೆ" ಎಂದು ಎಚ್ಚರಿಸಿ, ಕೇಳದಿದ್ದರೆ ಮೇಲಿನವರಿಗೆ ತಿಳಿಸಿ ಕರೆ ಮುಗಿಸುವುದು ಪಾಪವಲ್ಲ. ತನ್ನ ಗೌರವವನ್ನು ಕಾಯುವವಳು ದೇವರ ರೂಪವನ್ನೇ ಕಾಯುತ್ತಾಳೆ.

ಮನೆಯವರಿಗೆ ಒಂದು ಮಾತು

ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಮರಕ್ಕೆ ಹತ್ತುತ್ತದೆ. ದಿನವಿಡೀ ಬೇರೆಯವರ ಸಿಟ್ಟಿನ ಉಜ್ಜಾಟದಲ್ಲಿ ಕುಳಿತ ಮಗಳಿಗೆ ಯಾವ ಬಣ್ಣ ಹತ್ತಬೇಕು? ಕಹಿಯ ಬಣ್ಣವೋ, ಕನಿಕರದ ಬಣ್ಣವೋ? ಅದು ಅವಳೊಬ್ಬಳ ಪ್ರಯತ್ನದ ಮೇಲೆ ನಿಂತಿಲ್ಲ, ಮನೆಯ ಮೇಲೂ ನಿಂತಿದೆ.

"ನೆರಳಲ್ಲಿ ಕೂತು ಫೋನಲ್ಲಿ ಮಾತಾಡೋದೂ ಒಂದು ಕಷ್ಟವೇನಮ್ಮ?" ಎನ್ನುವ ತಂದೆಯಂದಿರಿದ್ದಾರೆ. ಹೊಲದಲ್ಲಿ ಬೆವರು ಸುರಿಸಿದವರಿಗೆ ಹಾಗೆ ಅನಿಸುವುದು ಸಹಜ. ಆದರೆ ದಿನಕ್ಕೆ ಹತ್ತಾರು ಜನರ ಬಯ್ಗುಳ ಕೇಳಿಯೂ ದನಿ ಏರಿಸದೆ ಇರುವುದು ಮೈಮುರಿವ ದುಡಿಮೆಗಿಂತ ಹಗುರವಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಮಗ ತಾಯಿಯ ಒಂದು ಮಾತಿಗೆ ಸಿಡಿದರೆ, ಆ ಸಿಟ್ಟು ತಾಯಿಯ ಮೇಲಿನದಲ್ಲ. ಅಲ್ಲಿ ನುಂಗಿದ್ದನ್ನು ಇಲ್ಲಿ ಕಾರುತ್ತಿದ್ದಾನೆ. ಆಗ ಬುದ್ಧಿ ಹೇಳಲು ಆತುರಪಡಬೇಡಿ. ಮೊದಲು ಊಟ ಬಡಿಸಿ. "ಇವತ್ತು ಬಹಳ ಕಷ್ಟದ ಕರೆ ಬಂತೇನಪ್ಪ?" ಎಂದು ಕೇಳಿ. ಅವನು ದಿನವಿಡೀ ಎಲ್ಲರ ಮಾತನ್ನು ಕೇಳಿದ್ದಾನೆ, ಅವನ ಮಾತನ್ನು ಕೇಳುವವರು ಮನೆಯಲ್ಲಿ ಇರಲಿ.

ಮಕ್ಕಳಿಗೂ ಒಂದು ಮಾತು. ಅಪರಿಚಿತರ ಬಯ್ಗುಳಕ್ಕೆ "ಸರ್" "ಮೇಡಂ" ಎನ್ನುವ ನಾಲಗೆ, ಹೆತ್ತವರ ಪ್ರೀತಿಯ ಪ್ರಶ್ನೆಗೆ ಮುಳ್ಳಾಗಬಾರದು. ಸಂಬಳಕ್ಕಾಗಿ ತೋರುವ ಸೌಮ್ಯತೆ ಮನೆಯಲ್ಲಿ ಪ್ರೀತಿಗಾಗಿ ತೋರಿದಾಗಲೇ ಅದು ಸದ್ಗುಣವಾಗುತ್ತದೆ. ಸಂತ ಫ್ರಾನ್ಸಿಸ್ ದ ಸೇಲ್ಸರು (1567-1622) ಸೌಮ್ಯತೆಗೆ ಹೆಸರಾದ ಧರ್ಮಾಧ್ಯಕ್ಷರು. ಸ್ವಭಾವದಲ್ಲಿ ಅವರು ಬೇಗ ಸಿಟ್ಟಾಗುವವರೇ ಆಗಿದ್ದರೆಂದೂ, ವರ್ಷಗಟ್ಟಲೆ ಸಾಧನೆಯಿಂದ ಆ ಸೌಮ್ಯತೆಯನ್ನು ಗಳಿಸಿದರೆಂದೂ ಅವರ ಚರಿತ್ರೆಕಾರರು ಹೇಳುತ್ತಾರೆ. ಆದ್ದರಿಂದ ಯಾರೂ ನಿರಾಶರಾಗಬೇಕಿಲ್ಲ.

ಫೋನಿನ ಈ ತುದಿಯಲ್ಲಿ ನಾವು

ಪ್ರಿಯರೇ, ಕಾಲ್ ಸೆಂಟರಿನಲ್ಲಿ ದುಡಿಯುವವರು ನಮ್ಮಲ್ಲಿ ಕೆಲವರು. ಕಾಲ್ ಸೆಂಟರಿಗೆ ಫೋನು ಮಾಡುವವರು ನಾವೆಲ್ಲರೂ. ಹಾಲಿನ ಡೈರಿಯ ಬಟವಾಡೆ, ಗೂಡಿನ ಹಣ, ಪಿಂಚಣಿ ಎಲ್ಲವೂ ಬ್ಯಾಂಕಿನ ಮೂಲಕವೇ ಬರುವ ಈ ಕಾಲದಲ್ಲಿ ಒಂದಲ್ಲ ಒಂದು ದಿನ ನಮಗೂ ಸಿಟ್ಟು ಬರುವ ಸಂದರ್ಭ ಬಂದೇ ಬರುತ್ತದೆ. ಆಗ ನಾವು ಹೇಗೆ ಮಾತಾಡುತ್ತೇವೆ?

ಪಾಪನಿವೇದನೆಗೆ ಮುಂಚೆ ಆತ್ಮಪರೀಕ್ಷೆ ಮಾಡಿಕೊಳ್ಳುವಾಗ ಗಂಡಹೆಂಡಿರ ಜಗಳ, ನೆರೆಮನೆಯವರೊಡನೆ ಮಾಡಿದ ಕಲಹ ನೆನಪಾಗುತ್ತವೆ. ಮುಖ ಕಾಣದ, ಹೆಸರು ಗೊತ್ತಿಲ್ಲದ ಒಬ್ಬಳಿಗೆ ಫೋನಿನಲ್ಲಿ ಬಯ್ದದ್ದು ನಮಗೆ ಪಾಪವೆಂದು ಅನಿಸುವುದೇ ಇಲ್ಲ. ಸಹೋದರನನ್ನು ಹೀನಾಯವಾಗಿ ಜರೆಯುವವನು ನ್ಯಾಯತೀರ್ಪಿಗೆ ಗುರಿಯಾಗುವನೆಂದು ಪ್ರಭು ಬೆಟ್ಟದ ಮೇಲೆ ಬೋಧಿಸಿದಾಗ (ಮತ್ತಾಯ 5:22), ಮುಖ ಕಂಡವರಿಗೆ ಮಾತ್ರ ಅದು ಅನ್ವಯ ಎಂದು ಹೇಳಲಿಲ್ಲ. ಯಂತ್ರದ ತಪ್ಪಿಗೆ, ಮೇಲಿನವರ ನಿರ್ಲಕ್ಷ್ಯಕ್ಕೆ, ಆ ಯುವತಿಗೆ ಶಿಕ್ಷೆ ಕೊಡುವುದು ನ್ಯಾಯವೇ? ನಿಮ್ಮ ಮಗಳು ಇನ್ನೊಂದು ಊರಿನವರ ಬಯ್ಗುಳ ಕೇಳುತ್ತಿರುವ ಹೊತ್ತಿಗೇ ನೀವು ಇನ್ನೊಂದು ಊರಿನವರ ಮಗಳನ್ನು ಬಯ್ಯುತ್ತಿರಬಹುದು.

ಹಕ್ಕನ್ನು ಬಿಟ್ಟುಕೊಡಿ ಎಂದು ಇದರ ಅರ್ಥವಲ್ಲ. ಅನ್ಯಾಯದ ನ್ಯಾಯಾಧಿಪತಿಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದ ವಿಧವೆಯನ್ನು ಪ್ರಭು ಮೆಚ್ಚಿ ಮಾತಾಡಿದರು (ಲೂಕ 18:1-8). ಆಕೆ ಬಿಡದೆ ಕೇಳಿದಳು, ನ್ಯಾಯವನ್ನೇ ಕೇಳ���ದಳು. ನಾವೂ ಹಾಗೆ ಕೇಳೋಣ. ಫೋನು ಮಾಡುವ ಮುಂಚೆ ದಿನಾಂಕ, ಹೊತ್ತು, ಮೊತ್ತ ಬರೆದಿಟ್ಟುಕೊಳ್ಳೋಣ. ದೂರಿನ ಸಂಖ್ಯೆಯನ್ನು ತಪ್ಪದೆ ಪಡೆಯೋಣ. ಉತ್ತರ ಬಾರದಿದ್ದರೆ ಮೇಲಿನ ಬಾಗಿಲನ್ನು ತಟ್ಟೋಣ. ಬಿಡದೆ ಕೇಳುವುದಕ್ಕೆ ಬಯ್ಯುವ ಅಗತ್ಯವಿಲ್ಲ.

ಈ ವಾರ ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ಈ ಭಾಗವನ್ನು ಒಟ್ಟಾಗಿ ಓದಿರಿ. ಮನೆಯಲ್ಲಿ ಇಂತಹ ಕೆಲಸ ಮಾಡುವವರಿದ್ದರೆ ಅವರ ಅನುಭವ ಕೇಳಿರಿ. ಕೊಡಲಾಗದ್ದನ್ನು ನಾನು ಯಾರಲ್ಲಿ ಹಟಹಿಡಿದು ಕೇಳುತ್ತಿದ್ದೇನೆ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಿರಿ. ಗಂಡ ಹೆಂಡತಿಯಲ್ಲಿ, ಹೆತ್ತವರು ಮಕ್ಕಳಲ್ಲಿ, ಮಕ್ಕಳು ಹೆತ್ತವರಲ್ಲಿ ಕೇಳುವುದರಲ್ಲಿಯೂ ಅಂತಹ ಬೇಡಿಕೆಗಳು ಇದ್ದಾವು.

ಪ್ರಾರ್ಥಿಸೋಣ: ಪ್ರಭುವೇ, ನಮ್ಮ ಅರ್ಥವಿಲ್ಲದ ಬೇಡಿಕೆಗಳನ್ನು ನೀವು ಎಷ್ಟೋ ಬಾರಿ ತಾಳ್ಮೆಯಿಂದ ಕೇಳಿದ್ದೀರಿ. ಬೇರೆಯವರ ಸಿಟ್ಟನ್ನು ಕೇಳುತ್ತಾ ದುಡಿಯುವ ನಮ್ಮ ಮಕ್ಕಳ ನಾಲಗೆಯಲ್ಲಿ ಸತ್ಯವನ್ನೂ ಹೃದಯದಲ್ಲಿ ಶಾಂತಿಯನ್ನೂ ಇರಿಸಿರಿ. ನ್ಯಾಯವನ್ನು ಕೇಳುವಾಗ ನಮ್ಮ ದನಿಯು ಇನ್ನೊಬ್ಬರ ಮನಸ್ಸನ್ನು ಗಾಯಗೊಳಿಸದಂತೆ ಕಾಪಾಡಿರಿ. ಆಮೆನ್.